ಲಾಂಡ್ರಿ ಯಜಮಾನರ ನಿರ್ವಿಷ ಭೋಜನ

ಮಿರಮಿರ ಮಿಂಚುವ ಸೇಬೆಂದರೆ ಬೆಳಗ್ಗೆಯೇ ಸ್ನಾನ ಮುಗಿಸಿ, ಮೈ ಒರೆಸಿಕೊಂಡು ಅಂಗಡಿಗೆ ಬಂದು ಕೂತ ಸೇಬು ಎಂದು ಲಾಂಡ್ರಿ ಯಜಮಾನರು ಬಹುಕಾಲ ನಂಬಿದ್ದರು. ತಪ್ಪು ಅವರದಲ್ಲ, ಕಸುಬಿನದು. ಜೀವನವಿಡೀ ಕೊಳೆಯಾದದ್ದನ್ನು ಒಳಗೆ ತೆಗೆದುಕೊಂಡು ಹೊಳೆಯುವುದನ್ನು ಹೊರಗೆ ಕೊಟ್ಟವರಿಗೆ ಹೊಳಪೇ ಶುಚಿತ್ವದ ಸರ್ಟಿಫಿಕೇಟು. ಅಂಥ ಸೇಬನ್ನು ಅಂಗಿಯ ತೋಳಿಗೆ ಒಮ್ಮೆ ಉಜ್ಜಿ, ಕಟಕ್ಕನೆ ಕಚ್ಚುತ್ತಿದ್ದರು.

"ಆ ಹೊಳಪು ಮೇಣದ್ದು ರೀ," ಎಂದಳು ಹೆಂಡತಿ ಒಂದು ದಿನ. "ಕೀಟನಾಶಕದ ಚೂರುಪಾರು ಇನ್ನೂ ಮೇಲೆ ಅಂಟಿಕೊಂಡಿರಬಹುದು. ತೊಳೆದು ತಿನ್ನಿ ಅಂತ ಎಷ್ಟು ಸಲ ಬಡ್ಕೊಂಡಿಲ್ಲ ನಾನು?"

ಕೈಯಲ್ಲಿದ್ದ ಸೇಬು ಕೈಯಲ್ಲೇ ನಿಂತಿತು, ಬಾಯಲ್ಲಿದ್ದದ್ದು ಬಾಯಲ್ಲೇ. ಬೀದಿಯವರ ಕೊಳೆಯನ್ನೆಲ್ಲ ಓಡಿಸಿದ ಮಹಾಪುರುಷನ ಹೊಟ್ಟೆಯೊಳಗೇ ಕೊಳೆಯ ಬಿಡಾರ!

"ಇವತ್ತಿನಿಂದ," ಎಂದು ಯಜಮಾನರು ಕುರ್ಚಿಯಿಂದ ಎದ್ದು ನಿಂತು ಘೋಷಿಸಿದರು, "ಈ ಮನೆಯ ಹೊಸ್ತಿಲು ದಾಟಿ ವಿಷದ ಒಂದು ಹನಿಯೂ ಒಳಗೆ ಬರಕೂಡದು! ಇಂಕು, ಗ್ರೀಸು, ಲಿಪ್‌ಸ್ಟಿಕ್ಕು, ಯಾವುದೂ ನನ್ನ ಕೈಯಿಂದ ತಪ್ಪಿಸಿಕೊಂಡಿಲ್ಲ. ಯಃಕಶ್ಚಿತ್ ಒಂದು ಟೊಮೆಟೊ ಯಾವ ಲೆಕ್ಕ?"

"ಲಿಪ್‌ಸ್ಟಿಕ್ಕು ಕಣ್ಣಿಗೆ ಕಾಣುತ್ತೆ. ಇದು ಕಾಣಲ್ಲ."

"ಕಾಣದ್ದನ್ನ ತೆಗೆಯೋದೇ ಕಣೇ ನಿಜವಾದ ವಿದ್ಯೆ!"

ಆ ವಿದ್ಯೆಗೆ ವೇದಿಕೆಯೂ ಸಿದ್ಧವಾಗಿತ್ತು. ಮುಂದಿನ ಬೀದಿಯಲ್ಲಿ ಆಸ್ಪತ್ರೆ ನಡೆಸುವ ಡಾಕ್ಟರಮ್ಮ, ಹೆಂಡತಿಯ ಶಾಲೆಯ ಗೆಳತಿ, ಭಾನುವಾರ ಊಟಕ್ಕೆ ಬರುವವರಿದ್ದರು. ಆಸ್ಪತ್ರೆಯ ಬಿಳಿ ಕೋಟುಗಳಿಗೆ ಅವರು ಹೊಸ ಲಾಂಡ್ರಿ ಹುಡುಕುತ್ತಿದ್ದಾರೆಂಬ ಸುದ್ದಿ ಅವರಿಗಿಂತ ಮುಂಚೆ ಮನೆಗೆ ಬಂದಿತ್ತು. ಬೀದಿಯ ಆ ತುದಿಯಲ್ಲಿ ಗಾಜಿನ ಬಾಗಿಲಿನ ಲಾಂಡ್ರಿಯೊಂದು ಕಣ್ಣುಬಿಟ್ಟ ಮೇಲೆ ಯಜಮಾನರ ಅಂಗಡಿಯಲ್ಲಿ ಬಟ್ಟೆ ತೂಗುಹಾಕುವ ಕಂಬಿಗಳು ಬೋಳಾಗುತ್ತ ಬಂದಿದ್ದವು. ಕೋಟುಗಳು ಬಂದರೆ ಅಂಗಡಿ ಉಳಿಯುತ್ತದೆ. ಬಾರದಿದ್ದರೆ ಯಜಮಾನರು ಸ್ವಂತ ಪ್ಯಾಂಟಿಗೇ ಮತ್ತೆ ಮತ್ತೆ ಇಸ್ತ್ರಿ ಹಾಕುತ್ತ ಕೂರಬೇಕು.

"ಅವರು ತಟ್ಟೆ ನೋಡಿದ ಕೂಡಲೇ ಮೈಮೇಲಿನ ಕೋಟು ಬಿಚ್ಚಿ ಕೊಡಬೇಕು. ಹಾಗೆ ತೊಳೀತೀನಿ!" ಎಂದರು.

ಭಾನುವಾರ ಬೆಳಗ್ಗೆ ಕೆಳಗಿನ ಅಂಗಡಿಯಿಂದ ಮೇಲಿನ ಅಡುಗೆಮನೆಗೆ ಯಜಮಾನರ ದಂಡಯಾತ್ರೆ ಹೊರಟಿತು. ಮೈಮೇಲೆ ಅಂಗಡಿಯ ಏಪ್ರನ್ನು. ಅದರ ಜೇಬುಗಳಲ್ಲಿ ಸೇಫ್ಟಿ ಪಿನ್ನು, ಗುರುತಿನ ಚೀಟಿ, ಕಾಲರ್ ಉಜ್ಜುವ ಬ್ರಷ್ಷು, ಬಲಜೇಬಿನಲ್ಲಿ ಹುಳ ಹೊಡೆಯುವ ಸ್ಪ್ರೇ ಡಬ್ಬಿ. ಉಣ್ಣೆ ತಿನ್ನುವ ಹುಳುವೊಂದು ಹಿಂದೊಮ್ಮೆ ಬ್ಯಾಂಡ್ ಮಾಸ್ಟರರ ಕೋಟಿನ ಬೆನ್ನಿಗೆ ಕಿಟಕಿ ತೆರೆದಿತ್ತು. ಅಂದಿನಿಂದ ಆ ಡಬ್ಬಿ ಯಜಮಾನರನ್ನು ಬಿಟ್ಟಿರಲಿಲ್ಲ. ಎಲ್ಲಿ ಹುಳು ಮಿಸುಕಿದರೂ ತಲೆಗಿಂತ ಮೊದಲು ಅವರ ಕೈ ಓಡುತ್ತಿತ್ತು.

"ಆ ಡಬ್ಬಿನಾದ್ರೂ ಕೆಳಗಿಟ್ಟು ಬನ್ನಿ," ಎಂದಳು ಹೆಂಡತಿ.

"ಏಪ್ರನ್ ಅಂದ್ಮೇಲೆ ಪೂರ್ತಿ ಇರಬೇಕು. ಸೇನಾಪತಿ ಅರ್ಧ ಆಯುಧ ಬಿಟ್ಟು ಹೋಗ್ತಾನಾ?"

"ಯುದ್ಧ ಏನೂ ಇಲ್ಲ. ನಲ್ಲಿ ತಿರುಗಿಸಿ, ಹರಿಯೋ ನೀರಲ್ಲಿ ಕೈಯಿಂದ ಉಜ್ಜಿ. ಕೋಸಿನ ಮೇಲಿನ ಎಲೆ ಕಿತ್ತು ಹಾಕಿ. ಸಿಪ್ಪೆ ತೆಗೆಯೋದನ್ನ ನಾನು ತೆಗೀತೀನಿ. ಪೂರ್ತಿ ಹೋಗದಿದ್ರೂ ಬೇಕಾದಷ್ಟು ಹೋಗುತ್ತೆ."

"ಬರೀ ನೀರು!" ಯಜಮಾನರು ನಕ್ಕ ನಗೆಗೆ ಕಪಾಟಿನ ಲೋಟಗಳು ಗಲಗಲ ಎಂದವು. "ಬರೀ ನೀರಲ್ಲಿ ಎಲ್ಲಾ ಹೋಗೋ ಹಾಗಿದ್ರೆ ನಾನ್ಯಾಕೆ ಅಂಗಡಿ ತೆರೀತಿದ್ದೆ? ಹೊಳೆ ದಡದಲ್ಲಿ ಒಂದು ಕುರ್ಚಿ ಹಾಕ್ಕೊಂಡು ಕೂರ್ತಿದ್ದೆ!"

ಅಂಗಡಿಯ ನಿಯಮ ಅಡುಗೆಮನೆಗೂ ಜಾರಿಯಾಯಿತು. ಮೊದಲು ಗುರುತಿನ ಚೀಟಿ. ಪ್ರತಿ ಟೊಮೆಟೊಗೂ ಚೀಟಿಯೊಂದನ್ನು ಪಿನ್ನಿನಿಂದ ಚುಚ್ಚಿದರು. ಟೊಮೆಟೊಗಳು ಗಾಯಾಳುಗಳಂತೆ ಸೋರತೊಡಗಿದವು. ಪೀಚ್ ಹಣ್ಣುಗಳನ್ನು "ಹೆಚ್ಚು ಕೊಳೆ" ವಿಭಾಗಕ್ಕೆ ಸೇರಿಸಿ ಕಾಲರ್ ಬ್ರಷ್ಷಿನಿಂದ ಉಜ್ಜಿದರು. ನವಿರು ರೋಮ ಹೋಯಿತು, ಬಣ್ಣ ಹೋಯಿತು, ಕೊನೆಗೆ ಹಣ್ಣೂ ಹೋಗಿ ಬೀಜ ಉಳಿಯಿತು. ಬೀಜ ಮಾತ್ರ ಫಳಫಳ! ದ್ರಾಕ್ಷಿಗೆ ರೇಷ್ಮೆಯ ಮರ್ಯಾದೆ: ಬೆಚ್ಚಗಿನ ನೀರು, ನಾಜೂಕು ಬಟ್ಟೆಯ ಸೋಪು, ಮೇಲೊಂದು ಮುಚ್ಚಳ ಬಟ್ಟೆ ಮೃದುಗೊಳಿಸುವ ಲ್ಯಾವೆಂಡರ್ ದ್ರವ. ಲೆಟ್ಯೂಸ್ ಎಲೆಗಳನ್ನು ಜಾಲಾಡಿಸಿ, ಹಿಂಡಿ, ಬಾಲ್ಕನಿಯ ತಂತಿಗೆ ಕ್ಲಿಪ್ಪು ಹಾಕಿ ಒಣಹಾಕಿದರು. ಎದುರುಮನೆಯವರು ಪರದೆ ಸರಿಸಿ ನೋಡಿ, ಮತ್ತೆ ಎಳೆದುಕೊಂಡರು.

"ತರಕಾರಿಗೆ ಸೋಪು ಹಾಕಬಾರದು ರೀ! ಅದು ಒಳಗೆ ಹೀರ್ಕೊಳ್ಳುತ್ತೆ!"

"ಜಾಲಾಡಿಸೋದರಲ್ಲಿ ನನಗೆ ಪಾಠ ಹೇಳಬೇಡ."

ಕಿಟಕಿಯ ಪಕ್ಕ ಕೂತು ಎಲ್ಲವನ್ನೂ ನೋಡುತ್ತಿದ್ದ ಯಜಮಾನರ ಅತ್ತೆಯವರು ಒಂದು ದ್ರಾಕ್ಷಿ ತೆಗೆದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಕರವಸ್ತ್ರಕ್ಕೆ ಉಗಿದರು.

"ಅಳಿಯಂದ್ರೇ, ಬಾಯಿ ಬಹಳ ಮೃದುವಾಗಿದೆ. ಸ್ವಲ್ಪ ಇಸ್ತ್ರಿ ಹಾಕ್ತೀರಾ?"

ಹೆಂಡತಿ ಪಾತ್ರೆಗಳನ್ನು ತನ್ನತ್ತ ಎಳೆದುಕೊಂಡಳು. ತೊಳೆದದ್ದನ್ನೆಲ್ಲ ಕಸದ ಬುಟ್ಟಿಗೆ ಸುರಿದಳು. ನೊರೆ ಬುಟ್ಟಿಯಿಂದ ಉಕ್ಕಿ ನೆಲಕ್ಕಿಳಿಯಿತು. ಯಜಮಾನರ ಕೈಗೆ ಸಿಗದಂತೆ ಮುಂಜಾನೆಯೇ ನೀರಲ್ಲಿ ತೊಳೆದು, ಸಿಪ್ಪೆ ಹೆರೆದು, ಅವಳು ಒಲೆಗೇರಿಸಿದ್ದ ಕ್ಯಾರೆಟ್ ಸೂಪೂ ಬ್ರೆಡ್ಡೂ ಮಾತ್ರ ಬಚಾವಾಗಿದ್ದವು.

ಅಷ್ಟರಲ್ಲಿ ಬಾಗಿಲ ಕರೆಗಂಟೆ ಮೊಳಗಿತು.

ಡಾಕ್ಟರಮ್ಮ ಬರಿಗೈಲಿ ಬಂದಿರಲಿಲ್ಲ. ಚೀಲದಿಂದ ಮಲ್ಲಿಗೆಯ ರಾಶಿಯಂಥ ದೊಡ್ಡ ಹೂಕೋಸೊಂದನ್ನು ಹೊರತೆಗೆದು ಊಟದ ಮೇಜಿನ ನಡುವೆ ಇಟ್ಟರು. "ನಮ್ಮ ತಾರಸಿ ಕುಂಡದ್ದು. ಒಂದು ಹನಿ ಕೀಟನಾಶಕ ಹೊಡೆದಿಲ್ಲ. ಬೆಳೆಸೋಕೆ ಪ್ರಾಣ ಹೋಯ್ತು. ಬರೋ ಮುಂಚೆ ತೊಳೆದೂ ತಂದಿದೀನಿ, ಹಸಿಯಾಗೇ ತಿನ್ನಬಹುದು."

ಮುಳುಗುತ್ತಿದ್ದ ಯಜಮಾನರಿಗೆ ಹೂಕೋಸೇ ದೋಣಿಯಾಯಿತು. ಎಲ್ಲರೂ ಕೂರುವ ಮೊದಲೇ ಭಾಷಣ ಶುರು. "ಡಾಕ್ಟ್ರೇ, ನಿಮ್ಮದೂ ನನ್ನದೂ ಒಂದೇ ಸಿದ್ಧಾಂತ! ನಾಲ್ಕು ಹುಳ ಸಾಯಿಸೋಕೆ ಅಂತ ಮನುಷ್ಯ ತನ್ನ ಅನ್ನಕ್ಕೇ ವಿಷ ಹೊಡ್ಕೋತಾನಲ್ಲ, ಅವನಿಗೇನು ಬುದ್ಧಿ ಇದೆಯಾ? ಒಂದು ಹುಳ ಕಂಡ್ರೆ ಸಾಕು, ಹಿಂದೆಮುಂದೆ ನೋಡದೆ..."

"ಸೂಪ್ ಆರುತ್ತೆ ರೀ," ಎಂದಳು ಹೆಂಡತಿ.

"...ಹಿಂದೆಮುಂದೆ ನೋಡದೆ..." ಎನ್ನುತ್ತ ಯಜಮಾನರು ಹೂಕೋಸನ್ನು ಎರಡಾಗಿ ಬಿಡಿಸಿದರು.

ಒಳಗಿನ ದಂಟಿನ ಸಂದಿಯಿಂದ ಎಳೆಹಸಿರು ಹುಳುವೊಂದು ತಲೆಯೆತ್ತಿ, ಯಾರು ಬಾಗಿಲು ತೆಗೆದದ್ದು ಎಂಬಂತೆ ನೋಡಿತು.

ಯಜಮಾನರ ಕಣ್ಣಿಗೆ ಕಂಡದ್ದು ಬ್ಯಾಂಡ್ ಮಾಸ್ಟರರ ಕೋಟಿನ ಬೆನ್ನು. ಬಲಗೈ ಬಲಜೇಬಿಗೆ ಹೋದದ್ದು, ಡಬ್ಬಿ ಹೊರಬಂದದ್ದು, ಬೆರಳು ಒತ್ತಿದ್ದು ಅವರಿಗೇ ಗೊತ್ತಾಗಲಿಲ್ಲ.

ಫುಸ್ಸ್ಸ್!

ಮಂಜು ಕವಿದ ಹಾಗೆ ಕವಿಯಿತು. ಹೂಕೋಸಿನ ಮೇಲೆ, ಸೂಪಿನ ಮೇಲೆ, ಬ್ರೆಡ್ಡಿನ ಮೇಲೆ, ಡಾಕ್ಟರಮ್ಮನ ಕನ್ನಡಕದ ಮೇಲೆ. ನಿರ್ವಿಷ ಭೋಜನದ ಮೇಜಿನಲ್ಲಿ ವಿಷ ಬೀಳದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಹುಳು ಒಮ್ಮೆ ನೆಟ್ಟಗಾಗಿ, ಉರುಳಿತು.

ಯಾರೂ ಉಸಿರೆತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ.

"ಎಲ್ಲರೂ ಹೊರಗೆ ನಡೀರಿ. ಕಿಟಕಿ ತೆಗೀರಿ. ಇದ್ಯಾವುದನ್ನೂ ಮುಟ್ಟಬೇಡಿ," ಎಂದರು ಡಾಕ್ಟರಮ್ಮ, ಸೀರಿಯಸ್ ರೋಗಿಯ ಮುಂದೆ ಆಡುವ ಧ್ವನಿಯಲ್ಲಿ. ಹೊರಗೆ ಬಂದು ಕನ್ನಡಕ ತೊಳೆದುಕೊಳ್ಳುತ್ತ, "ವಿಷ ಹೊಡೆದಿಲ್ಲ ಅನ್ನೋದಕ್ಕೆ ಆ ಹುಳಾನೇ ಸಾಕ್ಷಿಯಾಗಿತ್ತು," ಎಂದು ಸೇರಿಸಿದರು.

"ಇದ್ದದ್ದು ಒಬ್ಬನೇ ಸಾಕ್ಷಿ," ಎಂದರು ಅತ್ತೆಯವರು. "ಅವನನ್ನೂ ಮುಗಿಸಿಬಿಟ್ರು."

ಎಲ್ಲರೂ ಸೋಪು ಹಚ್ಚಿ ಕೈ ತೊಳೆದುಕೊಂಡರು. ಆ ದಿನ ಆ ಮನೆಯಲ್ಲಿ ಸೋಪು ಸರಿಯಾದ ಜಾಗಕ್ಕೆ ಬಿದ್ದದ್ದು ಅದೊಂದೇ ಸಲ. ಊಟ ಕೆಳಗೆ ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಸುತ್ತ ನಡೆಯಿತು. ಊಟವೆಂದರೆ ಹೆಂಡತಿ ಪಕ್ಕದ ಅಂಗಡಿಯಿಂದ ತಂದ ಬಾಳೆಹಣ್ಣು.

"ದೇವರೇ ಪ್ಯಾಕ್ ಮಾಡಿ ಕಳಿಸಿದಾನೆ," ಎಂದು ಅವಳು ಗಂಡನ ಕೈಗೆ ಸಿಗುವ ಮೊದಲೇ ಎಲ್ಲದರ ಸಿಪ್ಪೆ ಸುಲಿದಳು. "ನಿಮ್ಮ ಸೇವೆ ಬೇಕಾಗಿಲ್ಲ."

ಬೋಳು ಕಂಬಿಗಳು ತಲೆಯ ಮೇಲೆ ತೂಗುತ್ತಿದ್ದವು. ಡಾಕ್ಟರಮ್ಮ ಹಣ್ಣು ಮೆಲ್ಲುತ್ತ ಅವುಗಳನ್ನೊಮ್ಮೆ ನೋಡಿದರು. ಯಜಮಾನರು ಏಪ್ರನ್ನು ಬಿಚ್ಚಿ ಮಡಿಸಿದರು, ಮತ್ತೆ ಬಿಚ್ಚಿ ಮಡಿಸಿದರು. ಕೊನೆಗೆ ಬಾಯಿಬಿಟ್ಟರು.

"ಡಾಕ್ಟ್ರೇ... ಇಷ್ಟೆಲ್ಲಾ ಆದ್ಮೇಲೂ ನಾನು ತೊಳೆಯೋದರ ಮೇಲೆ ನಿಮಗೆ ನಂಬಿಕೆ ಉಳಿದಿದೆಯಾ?"

ಹೆಂಡತಿ ಹಣೆ ಚಚ್ಚಿಕೊಂಡಳು. ಡಾಕ್ಟರಮ್ಮ ಕೊನೆಯ ತುತ್ತು ನುಂಗಿ, ಕೈ ಒರೆಸಿಕೊಂಡು ಹೇಳಿದರು:

"ಇದೆ. ನಾಳೆಯಿಂದಲೇ ಕೋಟು ಕಳಿಸ್ತೀನಿ. ಅದನ್ನ ಯಾರೂ ತಿನ್ನಲ್ಲ."