ಗುರುವಾರದ ಜ್ವರ, ಮತ್ತಿತರ ಹಾಸ್ಟೆಲ್ ಸಮಾಚಾರ

ನೂರಾ ಎಂಬತ್ತು ಹೆಣ್ಣುಮಕ್ಕಳು ಒಂದೇ ಸೂರಿನಡಿ ಇರುವ ಕಡೆ ಒಂದು ದಿನವೂ ಸಪ್ಪಗೆ ಕಳೆಯುವುದಿಲ್ಲ. ಹಳೇಬೀಡಿನ ಹತ್ತಿರದ ಒಂದು ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ನಾನು ವಾರ್ಡನ್. ಆರನೇ ಕ್ಲಾಸಿಗೆ ಟ್ರಂಕು ಹಿಡಿದು ಅಳುತ್ತ ಬರುತ್ತಾರೆ, ಹತ್ತನೇ ಕ್ಲಾಸು ಮುಗಿಸಿ ಅದೇ ಟ್ರಂಕು ಹಿಡಿದು ಅಳುತ್ತ ಹೋಗುತ್ತಾರೆ. ನಡುವಿನ ಐದು ವರ್ಷ ನಡೆಯುವುದೆಲ್ಲ ಇಂಥದ್ದೇ.

ರಜಾ ಅರ್ಜಿ

ಜಾವಗಲ್ ಕಡೆಯ ಒಬ್ಬಳು ಆರನೇ ಕ್ಲಾಸಿಗೆ ಸೇರಿ ಒಂದು ತಿಂಗಳಾಗಿತ್ತು. ಕಾಯಿಲೆ ಬಿದ್ದ ಹೊರತು ದಸರಾ ರಜೆಗೆ ಮುಂಚೆ ಯಾರನ್ನೂ ಮನೆಗೆ ಕಳಿಸುವುದಿಲ್ಲ ಅನ್ನುವುದು ನಮ್ಮ ನಿಯಮ. ಒಂದು ಸೋಮವಾರ ಬೆಳಿಗ್ಗೆ ಅವಳು ನನ್ನ ಮೇಜಿನ ಮೇಲೆ ಅರ್ಜಿ ಇಟ್ಟಳು. ಅಕ್ಷರ ದುಂಡಗಿತ್ತು. 'ನನಗೆ ಗುರುವಾರ ವಿಪರೀತ ಜ್ವರ ಬರುವುದರಿಂದ ಮೂರು ದಿನ ರಜೆ ನೀಡಬೇಕಾಗಿ ವಿನಂತಿ.'

“ಇವತ್ತು ಸೋಮವಾರ. ಗುರುವಾರ ಜ್ವರ ಬರುತ್ತೆ ಅಂತ ನಿಂಗೆ ಹೇಗೆ ಗೊತ್ತಾಯ್ತು?” ಎಂದೆ.

“ಅವತ್ತು ನಮ್ಮಕ್ಕ ಪಾಪು ಎತ್ಕೊಂಡು ಆಸ್ಪತ್ರೆಯಿಂದ ಮನೆಗೆ ಬತ್ತಾಳೆ ಮಿಸ್. ನಾನಿನ್ನೂ ಪಾಪು ನೋಡಿಲ್ಲ.”

“ಅದಕ್ಕೆ ಜ್ವರ ಯಾಕೆ ಬರಬೇಕು?”

“ಪಾಪು ನೋಡಕ್ಕೆ ಅಂತ ಬರೆದ್ರೆ ಬಿಡಲ್ಲ ಅಂದ್ರು ಮಿಸ್, ಏಳನೇ ಕ್ಲಾಸಿನೋರು.”

ಸುಳ್ಳು ಹೇಳಿದ್ದಕ್ಕೆ ಬೈಯೋಣವೆಂದರೆ, ಕೇಳಿದ ಕೂಡಲೇ ನಿಜ ಹೇಳಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು ಬೇರೆ. ಅವಳಪ್ಪನಿಗೆ ಫೋನ್ ಮಾಡಿ, ಬುಧವಾರ ಸಂಜೆ ಬಂದು ಕರೆದುಕೊಂಡು ಹೋಗಿ ಎಂದೆ. ಭಾನುವಾರ ಮಧ್ಯಾಹ್ನ ಚಕ್ಕುಲಿ ಡಬ್ಬದ ಸಮೇತ ವಾಪಸು ಬಂದಳು.

“ಜ್ವರ ಹೇಗಿದೆ?” ಎಂದು ಕೇಳಿದೆ.

“ಚೆನ್ನಾಗೈತೆ ಮಿಸ್. ಮೂರು ಕೇಜಿ ಐತೆ.”

ಮುದ್ದೆ

ಅರಸೀಕೆರೆ ಕಡೆಯ ಮಕ್ಕಳಿಗೆ ಮುದ್ದೆ ಇಲ್ಲದಿದ್ದರೆ ಊಟವೇ ಅಲ್ಲ. ಬೇಲೂರಿನಾಚೆ ಬಿಕ್ಕೋಡಿನ ಕಾಫಿ ತೋಟದಿಂದ ಬಂದ ಒಬ್ಬಳಿಗೆ ಅನ್ನ, ಅಕ್ಕಿರೊಟ್ಟಿ ಬಿಟ್ಟು ಬೇರೆ ಗೊತ್ತಿರಲಿಲ್ಲ. ಮೊದಲ ದಿನ ಮುದ್ದೆಯ ತುತ್ತನ್ನು ಬಾಯಿಗಿಟ್ಟು ಅಗಿದಳು, ಅಗಿದೇ ಅಗಿದಳು. ಎರಡನೇ ಪಂಕ್ತಿಯೂ ಎದ್ದುಹೋಯಿತು. ಇವಳ ಮುದ್ದೆ ಇನ್ನೂ ಅರ್ಧ ತಟ್ಟೆಯಲ್ಲಿ, ಅರ್ಧ ಹಲ್ಲಿನಲ್ಲಿ.

ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕನಿಕರಪಟ್ಟು ಪಕ್ಕದಲ್ಲಿ ಕೂತಳು. “ಅಗಿಬೇಡ ಕಣೇ. ಸಾರಲ್ಲಿ ಅದ್ದು, ಕಣ್ಣು ಮುಚ್ಚು, ನುಂಗು.” ಒಂದು ವಾರ ದಿನಾ ಜೊತೆಗೆ ಕೂತು ಕಲಿಸಿದಳು. ಮಗು ಕಲಿತೂಬಿಟ್ಟಿತು.

ಮುಂದಿನ ತಿಂಗಳು ವಿಜ್ಞಾನದ ಟೀಚರು ಕ್ಲಾಸಿನಲ್ಲಿ, “ಜೀರ್ಣಕ್ರಿಯೆ ಎಲ್ಲಿ ಶುರುವಾಗುತ್ತೆ?” ಎಂದು ಕೇಳಿದರಂತೆ. ಇವಳೇ ಮೊದಲು ಕೈಯೆತ್ತಿದ್ದು.

“ಅನ್ನ ಆದ್ರೆ ಬಾಯಲ್ಲಿ ಮಿಸ್. ಮುದ್ದೆ ಆದ್ರೆ ಸೀದಾ ಹೊಟ್ಟೇಲಿ.”

ಟೀಚರು ಜಾವಗಲ್ಲಿನವರು, ಮುದ್ದೆ ನುಂಗಿಯೇ ಬೆಳೆದವರು. ಇದರಲ್ಲಿ ತಪ್ಪೇನೂ ಕಾಣಲಿಲ್ಲ ಎಂದು ನನ್ನ ಹತ್ತಿರ ಹೇಳಿದರು.

ಗೌರಿಗೊಂದು ಫೋನು

ಭಾನುವಾರ ಸಂಜೆ ಆರನೇ ಕ್ಲಾಸಿನ ಮಕ್ಕಳು ಸಾಲಾಗಿ ನಿಂತು ನನ್ನ ಫೋನಿನಿಂದ ಮನೆಗೆ ಮಾತಾಡುತ್ತಾರೆ. ತಲೆಗೆ ಎರಡು ನಿಮಿಷ. ಮಾದಿಹಳ್ಳಿಯ ಹುಡುಗಿಯೊಬ್ಬಳು ತನ್ನ ಸರದಿ ಬಂದಾಗ ತಾಯಿಗೆ ಹೇಳಿದ್ದು ಒಂದೇ ಮಾತು. “ಅಮ್ಮ, ಕೊಟ್ಟಿಗೆಗೆ ಹೋಗಿ ಗೌರಿ ಕಿವಿಗೆ ಫೋನ್ ಹಿಡಿ.”

ಗೌರಿ ಅವಳು ಬಿಟ್ಟುಬಂದ ಕರು. “ಹಾಲು ಕುಡಿದ್ಯಾ? ನನ್ನ ಮರೀಬೇಡ” ಎಂದೆಲ್ಲ ಇವಳು ಮಾತಾಡಿಸಿದಳು. ಆ ಕಡೆಯಿಂದ ಅದು ಅಂಬಾ ಎಂದಿತು. ಸಾಲಿಗೆ ಸಾಲೇ ಮೂಗು ಒರೆಸಿಕೊಂಡಿತು.

ಸಾಲಿನ ಕೊನೆಯಲ್ಲಿ ಒಬ್ಬಳಿದ್ದಳು. ಅಪ್ಪ ಅಮ್ಮ ತೋಟದ ಕೆಲಸದವರು, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಮೂರು ಭಾನುವಾರದಿಂದ ಅವಳಿಗೆ ಫೋನ್ ಹತ್ತಿರಲಿಲ್ಲ. ಅವತ್ತೂ ಹತ್ತಲಿಲ್ಲ. ಫೋನು ನನಗೆ ವಾಪಸು ಕೊಡುತ್ತ ಮೆಲ್ಲಗೆ, “ಮಿಸ್, ಗೌರಿಗೇ ಇನ್ನೊಂದ್ಸಲ ಮಾಡ್ಕೊಡ್ತೀರಾ?” ಎಂದಳು.

ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ಮಾಡಿಕೊಟ್ಟೆ. ಕರು ಅವಳಿಗೂ ಅಂಬಾ ಎಂದಿತು. ಮರುದಿನವೇ ಅವಳ ಅಪ್ಪ ಅಮ್ಮನಿಗೆ ಪೇಟೆಯಲ್ಲಿ ಮನೆಯಿರುವ, ತೋಟದ ಲೆಕ್ಕ ಬರೆಯುವ ರೈಟರ್ ಮೂಲಕ ಸುದ್ದಿ ಮುಟ್ಟಿಸಿದೆ. ಅಲ್ಲಿಂದಾಚೆ ಭಾನುವಾರ ಅವರೇ ಸಿಗ್ನಲ್ ಸಿಗುವ ಬಿಕ್ಕೋಡಿಗೆ ಬಂದು ಫೋನ್ ಮಾಡುತ್ತಾರೆ. ಆದರೆ ಗೌರಿಯ ರುಚಿ ಹತ್ತಿದವರು ಬಿಡಬೇಕಲ್ಲ. ಹನ್ನೊಂದು ಹುಡುಗಿಯರು ಸರದಿಗೆ ನಿಂತರು. ಮೊನ್ನೆ ಮಾದಿಹಳ್ಳಿಯ ಆ ತಾಯಿ ಫೋನೆತ್ತಿದವರೇ ಹೇಳಿದರು:

“ಮೇಡಂ, ಗೌರಿ ಮೇಯಕ್ಕೆ ಹೋಗವಳೆ. ಬಂದ ಮೇಲೆ ನಾನೇ ಮಾಡುಸ್ತೀನಿ.”

ಆಫ್ರಿಕಾದ ಟೀಚರು

ನಮ್ಮ ಇಂಗ್ಲಿಷ್ ಟೀಚರಿಗೆ ಮೈಸೂರಿನಲ್ಲಿ ಒಬ್ಬ ಗೆಳತಿ, ಟಾಂಜಾನಿಯಾ ದೇಶದವರು. ಊರಲ್ಲಿ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಇಲ್ಲಿಗೆ ಮೇಲಿನ ಓದಿಗೆ ಬಂದಿದ್ದಾರೆ. ಹಳೇಬೀಡಿನ ದೇವಸ್ಥಾನ ನೋಡಲು ಬಂದಾಗ ನಮ್ಮಲ್ಲಿಗೂ ಬಂದರು. ಊಟದ ಹಾಲಿನಲ್ಲಿ ಮಕ್ಕಳೆಲ್ಲ ಸುತ್ತ ಕೂತರು. ಪ್ರಶ್ನೆ ಕನ್ನಡದಲ್ಲಿ, ಉತ್ತರ ಇಂಗ್ಲಿಷಿನಲ್ಲಿ. ನಡುವೆ ನಮ್ಮ ಟೀಚರು.

ತಾವು ಓದಿದ್ದೂ ಬೋರ್ಡಿಂಗ್ ಶಾಲೆಯಲ್ಲೇ ಎಂದರು. ಬೆಳಗಿನ ಜಾವಕ್ಕೇ ಗಂಟೆ, ತಣ್ಣೀರು, ಬೀಗ ಹಾಕಿದ ಟ್ರಂಕು. ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಂಥದು, ಜೊತೆಗೆ ಕಾಳು, ಸೊಪ್ಪು. ಮಕ್ಕಳು ಬಾಯಿಬಿಟ್ಟು ಕೇಳಿದರು.

“ಅಲ್ಲೂ ಬಕೆಟ್ ಕದೀತಾರಾ ಮಿಸ್?”

“ಬಕೆಟ್ ಮೇಲೆ ಪೇಂಟಲ್ಲಿ ಹೆಸರು ಬರೀತಿದ್ವಿ. ಹೆಸರಿನ ಸಮೇತ ಕದೀತಿದ್ರು.”

ಮಕ್ಕಳಿಗೆ ಅವರು ನೆಂಟರಂತೆ ಆಗಿಬಿಟ್ಟರು. ಆಗ ಯಾರೋ, “ನಿಮಗೂ ವಾರ್ಡನ್ ಇದ್ರಾ?” ಎಂದರು.

ಅವರು ಎದ್ದು ನಿಂತರು. ಇಲ್ಲದ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿದರು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಕೈ ಹಿಂದೆ ಕಟ್ಟಿ, ಚಪ್ಪಲಿ ಸದ್ದಾಗದಂತೆ ನಾಲ್ಕು ಹೆಜ್ಜೆ ಇಟ್ಟು, ಗಕ್ಕನೆ ನಿಂತು, ಒಂದು ಕಿವಿಯನ್ನು ಮುಂದಕ್ಕೆ ಚಾಚಿ, ತಮ್ಮ ಭಾಷೆಯಲ್ಲಿ ಏನೋ ಗದರಿದರು.

ಅದನ್ನು ಯಾರೂ ಅನುವಾದ ಮಾಡಬೇಕಾಗಲಿಲ್ಲ. ನೂರಾ ಎಂಬತ್ತು ತಲೆಗಳು ಒಟ್ಟಿಗೆ ನನ್ನ ಕಡೆ ತಿರುಗಿದವು. ನಾನು ಬಾಗಿಲಲ್ಲಿ ನಿಂತಿದ್ದೆ. ಸೊಂಟದಲ್ಲಿ ಬೀಗದ ಕೈ, ಮೂಗಿನ ತುದಿಯಲ್ಲಿ ಕನ್ನಡಕ, ಕೈ ಹಿಂದಕ್ಕೆ.

ಏಳನೇ ಕ್ಲಾಸಿನ ಒಬ್ಬಳು ಎದ್ದು ನಿಂತು, ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದಳು:

“ಮಿಸ್, ನೀವು ಇಲ್ಲಿಗೆ ಬರೋಕ್ಕೆ ಮುಂಚೆ ಆಫ್ರಿಕಾದಲ್ಲಿ ಕೆಲಸ ಮಾಡ್ತಿದ್ರಾ?”