ದಾರಿಗೆ ಅಡ್ಡ ಬಂದದ್ದು

ಒಂದೂರಲ್ಲಿ ಅಂತ ಸುರು ಮಾಡಿದರೆ ಹಿಂದೆಯೇ ರಾಜಕುಮಾರ ಬರಬೇಕು. ಬರಲಿ. ಹಳೇ ಹುಬ್ಬಳ್ಳಿಯಲ್ಲಿ ಮಡಿವಾಳಪ್ಪ ಎಂಬ ರಾಜಕುಮಾರನಿದ್ದ. ರಾಜ್ಯವಿರಲಿಲ್ಲ, ಕುದುರೆಯಿರಲಿಲ್ಲ, ಅಡತಿ ಅಂಗಡಿಯಲ್ಲಿ ಹತ್ತಿ ಆರಿಸುವ ಕೆಲಸವಿತ್ತು. ಆ ಹತ್ತಿಯ ಧೂಳು ಬಾಡಿಗೆ ಕೊಡದೆ ಅವನ ಮೂಗಿನಲ್ಲಿ ಮನೆ ಮಾಡಿತ್ತು. ಅವನು ಸೀನಿದರೆ ಗಿರಣಿ ಸುರುವಾದ ಹಾಗೆ: ಮೊದಲು ಉದ್ದನೆಯ ಗೊರಗೊರ, ನಡುವೆ ಒಂದು ಶಿಳ್ಳೆ, ಕೊನೆಗೆ ಭಡಾರ್!

ಗುಹೆ ಕಾಯುವ ರಾಕ್ಷಸಿಯ ಬದಲಿಗೆ ಅವನಿಗೆ ಸೋದರತ್ತೆ ಶಿವಲಿಂಗವ್ವ ಇದ್ದಳು. ಶಕುನದ ವಿಷಯದಲ್ಲಿ ಆಕೆ ಹೇಳಿದ್ದೇ ಕಡೆಯ ಮಾತು. ಕನ್ಯೆಯ ಮನೆಗೆ ಹೊರಟವನನ್ನು ಹಿಂದೆ ಒಮ್ಮೆ ಬೆಕ್ಕು ಕಂಡಿತೆಂದು, ಇನ್ನೊಮ್ಮೆ ಬರಿಗೊಡ ಕಂಡಿತೆಂದು ಎಳೆದು ತಂದಿದ್ದಳು. ಈ ಸಲದ ಕನ್ಯೆ ಉಣಕಲ್ಲಿನ ನೀಲಕಂಠಪ್ಪನವರ ಮೊಮ್ಮಗಳು ಶಿವಬಸವ್ವ. ಸಂತೆಯಲ್ಲಿ ಮೆಣಸಿನಕಾಯಿ ರಾಶಿಯ ಆಚೆ ಅವಳು ನಕ್ಕದ್ದನ್ನು ಕಂಡಾಗಿನಿಂದ ಮಡಿವಾಳಪ್ಪನಿಗೆ ಊಟ ಸೇರುತ್ತಿರಲಿಲ್ಲ. ಇವತ್ತು ಸಕ್ಕರೆ ಕೊಟ್ಟು ಮಾತು ಗಟ್ಟಿ ಮಾಡಿಕೊಂಡು ಬರುವುದಷ್ಟೇ ಬಾಕಿ.

"ಟಾಂಗಾ ತರ್ಲೇನು ಅತ್ತಿ?"

"ಟಾಂಗಾದಾಗ ಕುಂತ್ರ ಶಕುನ ಹೆಂಗ ಕಾಣಬೇಕೋ? ಗುಡ್ಡದ ಕಾಲ್ದಾರಿ ಹಿಡದು ನಡೀ."

ಹರಸಲಿಕ್ಕೆಂದು ಓಣಿಯ ಜಂಗಮರಾದ ಮಹಾಂತಯ್ಯನವರು ಜೊತೆಯಾದರು. ಮದುವೆ ಕೂಡಿದರೆ ಗಾದಿ ಹೊಲಿಯುವ ಕೆಲಸ ತನಗೇ ಎಂಬ ಆಸೆಯಿಂದ ನೆರೆಮನೆಯ ಪಿಂಜಾರ ಅಲ್ಲಾವುದ್ದೀನನೂ ಕಂಬಳಿ ಹೆಗಲಿಗೇರಿಸಿ ಹೊರಟ.

ಉಣಕಲ್ ಕೆರೆ ಕಂಡಿತು ಅನ್ನುವಷ್ಟರಲ್ಲಿ ಕಂದು ಬಣ್ಣದ ಉದ್ದನೆಯ ಪ್ರಾಣಿಯೊಂದು, ಎಣ್ಣೆ ಹಚ್ಚಿದ ಲಾಡಿಯಂತೆ, ಸರ್ರನೆ ದಾರಿ ದಾಟಿ ಹೋಯಿತು.

"ಬೆಕ್ಕು!" ಅತ್ತೆ ನಿಂತೇಬಿಟ್ಟಳು. "ತಿರಗ್ರಿ ಹಿಂದಕ."

"ಮುಂಗಲಿ ಅತ್ತಿ, ಹಾವ ಹಿಡಿಯೂ ಮುಂಗಲಿ! ಮುಂಗಲಿ ಕಂಡ್ರ ಶುಭ ಅಂತ ನೀನಽ ಹೇಳಿದ್ದಿ!"

"ಮುಂಗಲಿಗೆ ಅಷ್ಟ ದಪ್ಪ ಕುತಗಿ ಎಲ್ಲೈತೋ?" ಮಹಾಂತಯ್ಯ ತಲೆಯಾಡಿಸಿದರು. "ಅದು ತರಕರಡಿ. ಜೇನು ಕೀಳತೈತಿ. ನಮ್ಮಜ್ಜನ್ನ ಕಚ್ಚಿತ್ತು."

"ನಿಮ್ಮಜ್ಜನ್ನ ಕಚ್ಚಲಾರದ್ದು ಯಾವದೈತ್ರಿ ಅಯ್ಯಾರ? ಹ್ವಾದ ವಾರ ಮಂಗ್ಯಾ ಅಂದಿದ್ರಿ," ಅಂದ ಅಲ್ಲಾವುದ್ದೀನ. "ಮೈ ಹಸೀ ಇದ್ದದ್ದು ಕಾಣಲಿಲ್ಲೇನು? ಅದು ನೀರನಾಯಿ."

ನೀರುನಾಯಿ ಅಡ್ಡ ಬಂದರೆ ಏನು ಫಲ? ಶಿವಲಿಂಗವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಕ್ಕರೆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕುಳಿತಳು. "ಅದು ಏನಂತ ಗುರ್ತ ಆಗೂತನಕ ಒಂದ ಹೆಜ್ಜಿ ಮುಂದಿಡೂದಿಲ್ಲ."

ಮಡಿವಾಳಪ್ಪನ ತಲೆ ಚಿಟ್ಟು ಹಿಡಿಯಿತು. "ನಾನಽ ನೋಡ್ಕೊಂಡ ಬರ್ತೇನಿ, ತಗೋ!"

"ಬಿಳಿ ಅಂಗೀಲೆ ಹೋದ್ರ ಓಡತೈತಿ ಮಗನ," ಎಂದು ಅಲ್ಲಾವುದ್ದೀನ ತನ್ನ ಕರಿ ಕಂಬಳಿ ಹೊದಿಸಿದ. "ಬಗ್ಗು. ಇನ್ನಷ್ಟ ಬಗ್ಗು. ಕೂಸಿನಗತೆ ಹೋಗು!"

ರಾಜಕುಮಾರ ಮೊಣಕಾಲೂರಿ ಕೆರೆಯ ಏರಿಯನ್ನು ಅಡ್ಡಕ್ಕೆ ದಾಟಿ ಜೊಂಡಿನೊಳಗೆ ನುಗ್ಗಿದ. ಕೆಂಪು ರುಮಾಲಿನ ತುದಿ ಬಿಚ್ಚಿ ಹಿಂದೆ ನೆಲದ ಮೇಲೆ ಹರಿದಾಡುತ್ತಿತ್ತು. ನೋಡುತ್ತಾನೆ, ನೀರಂಚಿನ ಕಲ್ಲಿನ ಮೇಲೆ ಚಪ್ಪಟೆ ತಲೆ, ಹನಿ ತೊಟ್ಟಿಕ್ಕುವ ಮೀಸೆ, ಬಾತುಕೋಳಿಯಂತೆ ಪೊರೆಗೂಡಿದ ಬೆರಳು. ನೀರುನಾಯಿಯೇ! ಪಕ್ಕದಲ್ಲಿ ಎರಡು ಮರಿ. ಅದೂ ಅವನನ್ನು ವರ ನೋಡಲು ಬಂದ ಬೀಗತಿಯಂತೆ ಅಡಿಯಿಂದ ಮುಡಿಯವರೆಗೆ ನೋಡಿತು. ಅಷ್ಟರಲ್ಲಿ ಜೊಂಡಿನ ಹೂವಿನ ಎಳೆ ಮೂಗಿನೊಳಗೆ ಹೊಕ್ಕಿತು. ಗೊರಗೊರ, ಶಿಳ್ಳೆ, ಭಡಾರ್! ತಾಯಿ, ಮರಿ ಮೂರೂ ನೀರಿಗೆ ಬಿದ್ದವು. ಏರಿಯ ಮೇಲೆ ಯಾರೋ ಓಡಿದ ಸದ್ದಾಯಿತು.

"ಮರಿ ಇದ್ದೂ ಅಂದಿ? ಮಕ್ಕಳ್ನ ಕಟ್ಟಿಗೊಂಡು ತಾಯಿ ಎದುರಾದ್ರ ಶುಭ," ಎಂದು ತೀರ್ಪು ಕೊಟ್ಟು ಅತ್ತೆ ಎದ್ದಳು. ಮಡಿವಾಳಪ್ಪ ಕೆರೆಯಲ್ಲಿ ಕೈಕಾಲು ತೊಳೆದುಕೊಂಡ. ಧೋತರದ ಮೊಣಕಾಲಿನ ಕೆಸರು ಮಾತ್ರ ಹೋಗಲೊಲ್ಲದು.

ನೀಲಕಂಠಪ್ಪನವರು ಜಮಖಾನೆ ಹಾಸಿ ಕೂರಿಸಿದರು. ಸಕ್ಕರೆ ಗಂಟು ಬಿಚ್ಚಿದರೆ ಮುದುಕರ ಕೈ ಮುಂದೆ ಬರಲಿಲ್ಲ.

"ತಪ್ಪ ತಿಳೀಬ್ಯಾಡ್ರಿ ಶಿವಲಿಂಗವ್ವಾರ. ಈಗಽ ಈಗ ನಾನೂ ಮೊಮ್ಮಗಳೂ ಕೆರಿ ಏರಿ ಮ್ಯಾಲ ಬರಬೇಕಾದ್ರ ಏನೋ ಒಂದು ಅಡ್ಡ ಹಾದಹೋತು. ಅದು ಏನಂತ ತಿಳೀಲಾರದ ಸಕ್ಕರಿ ಮುಟ್ಟಾಂವಲ್ಲ ನಾ."

ಅತ್ತೆಯ ಮುಖ ಅರಳಿತು. "ಗುರ್ತ ಹಿಡದಕೊಡೂದು ನನಗಿರ್ಲಿ. ಮಾತ ಕೊಟ್ಟೆ. ಬಣ್ಣ ಯಾವದ್ರಿ?"

"ಕರಿ. ಎಮ್ಮಿ ಕರುವಿನಷ್ಟಿತ್ತು."

"ಬಾಲ?"

"ಕೆಂಪು. ಮಾರುದ್ದ!"

"ತರಕರಡಿ!" ಅಂದರು ಮಹಾಂತಯ್ಯ. "ನಮ್ಮಜ್ಜನ್ನ..."

ಅಲ್ಲಾವುದ್ದೀನ ಕಂಬಳಿಯನ್ನು ಮೆಲ್ಲಗೆ ಮಡಚಿ ಅದರ ಮೇಲೆ ಕುಳಿತ. ಮಡಿವಾಳಪ್ಪ ರುಮಾಲಿನ ತುದಿಯನ್ನು ಒಳಕ್ಕೆ ತುರುಕಿದ.

"ಕೂಗು ಹೆಂಗಿತ್ರಿ?"

"ಅದನ್ನ ಹೆಂಗ ಹೇಳ್ಲಿ ತಂಗೀ? ಅಂಥಾ ದನಿ ಹುಟ್ಟಿದಾಗಿಂದ ಕೇಳಿಲ್ಲ."

ಅದೇ ಹೊತ್ತಿಗೆ ಅಡಿಗೆಮನೆಯಿಂದ ಮೆಣಸಿನಕಾಯಿ ಒಗ್ಗರಣೆಯ ಘಾಟು ಹೊರಬಂತು. ಮಡಿವಾಳಪ್ಪ ಮೂಗು ಹಿಡಿದ, ಉಸಿರು ಹಿಡಿದ, ಕೊರಳ ಲಿಂಗವನ್ನೂ ಹಿಡಿದ.

ಗೊರಗೊರ... ಶಿಳ್ಳೆ... ಭಡಾರ್!

ಒಳಗೆ ತಾಟು ಬಿದ್ದ ಸದ್ದು. ಅದರ ಹಿಂದೆಯೇ ಶಿವಬಸವ್ವನ ಚೀರಾಟ: "ಅಜ್ಜಾ, ಅದಽ! ಮನಿಯೊಳಗ ಬಂದೈತಿ!"

ಶಿವಲಿಂಗವ್ವ ಅಳಿಯನ ಮೊಣಕಾಲಿನ ಕೆಸರು ನೋಡಿದಳು, ಕೆಂಪು ರುಮಾಲು ನೋಡಿದಳು, ಅಲ್ಲಾವುದ್ದೀನನ ಅಡಿಯ ಕರಿ ಕಂಬಳಿ ನೋಡಿದಳು. ಏನೇ ಆದರೂ ಕೊಟ್ಟ ಮಾತು. ಸಕ್ಕರೆ ಗಂಟನ್ನು ಮತ್ತೆ ಬಿಗಿಯಾಗಿ ಕಟ್ಟಿ ಎದ್ದು ನಿಂತಳು.

"ಗುರ್ತ ಸಿಕ್ತ್ರಿ," ಅಂದಳು. "ನಮ್ಮ ಮನೀದಽ ಐತಿ."