ಹಲ್ಲಿನ ಹುಳಕ್ಕೆ ಉಡಿ ತುಂಬಿದ್ದು

ಓದಿದವರ ಮಾತನ್ನು ಊರು ಕೇಳುತ್ತದೆ, ಮನೆ ಕೇಳುವುದಿಲ್ಲ. ಇದು ಯಾರೋ ಹೇಳಿದ್ದಲ್ಲ, ನಾನೇ ಉಂಡದ್ದು. ನಮ್ಮ ಅಪ್ಪನ ಕಡೆಯಾಗಲಿ ಅವ್ವನ ಕಡೆಯಾಗಲಿ ಪದವಿ ಪಡೆದವಳು ನಾನೇ ಮೊದಲು. ದುಂಡಸಿಯಿಂದ ಶಿಗ್ಗಾವಿಗೆ ದಿನಾಲೂ ಬಸ್ಸಿನಲ್ಲಿ ಜೋತುಬಿದ್ದು ಹೋಗಿ ಗಳಿಸಿದ ಪದವಿ ಅದು. ಕುಳಿತು ಓದಿದ್ದಕ್ಕಿಂತ ನಿಂತು ಓದಿದ್ದೇ ಹೆಚ್ಚು. ಹೀಗಾಗಿ ಮದುವೆಯಾಗಿ ತಿಳವಳ್ಳಿಗೆ ಬಂದಾಗ ನಮ್ಮವರು ನನ್ನ ಹೆಸರಿನ ಪಕ್ಕ ಬಿ.ಎಸ್ಸಿ., ಬಿ.ಎಡ್. ಎಂದು ಬರೆಸಿ ಗೇಟಿಗೆ ಹಾಕಿದ ಫಲಕವನ್ನು ಇವತ್ತಿಗೂ ಹಬ್ಬಕ್ಕೊಮ್ಮೆ ಒರೆಸುತ್ತೇನೆ. ಹಬ್ಬ ಇಲ್ಲದಾಗಲೂ ಒರೆಸುತ್ತೇನೆ, ಅದು ಬೇರೆ ಮಾತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲುಗಳನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಆದರೆ ಐದು ವರ್ಷದ ನನ್ನ ಮಗಳು ಅಕ್ಷತಾಳ ಬಾಯಿಯೊಳಗೆ ಒಂದು ಬ್ರಷ್ ತೂರಿಸುವುದು ಮಾತ್ರ ನನ್ನಿಂದ ಆಗಿರಲಿಲ್ಲ.

ಪ್ರಯತ್ನಕ್ಕೇನೂ ಕಡಿಮೆ ಮಾಡಲಿಲ್ಲ. ಹಾನಗಲ್ಲಿನಿಂದ ಆನೆಯ ಚಿತ್ರವಿರುವ ಬ್ರಷ್ ತಂದೆ. ಆನೆಗೆ ಅವಳು ಅನ್ನ ಉಣಿಸಿದಳು. ಸ್ಟ್ರಾಬೆರಿ ವಾಸನೆಯ ಪೇಸ್ಟ್ ತಂದೆ, ಚಪಾತಿಗೆ ಸವರಿಕೊಂಡಳು. ನಾನು ಸಣ್ಣವಳಿದ್ದಾಗ ಒಲೆಯ ಇದ್ದಿಲಿನಿಂದ ಹಲ್ಲು ತಿಕ್ಕಿ, ಶಾಲೆಗೆ ಕಪ್ಪು ತುಟಿಯಲ್ಲೇ ಹೋಗುತ್ತಿದ್ದೆ. ನನ್ನದೇ ಆದ ಬ್ರಷ್ ಅಂತ ಸಿಕ್ಕಿದ್ದು ಕಾಲೇಜು ಸೇರಿದ ಮೇಲೆ. ಈ ಕಥೆಯನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರೆ ಅಕ್ಷತಾ, "ಹಂಗಾರ ನನಗೂ ಇದ್ದಿಲಿ ಕೊಡು" ಎಂದು ಕೈ ಚಾಚಿದಳು.

ಇದರ ಮೇಲೆ ನಮ್ಮ ಅತ್ತೆಯ ಬೆಂಬಲ ಬೇರೆ. ಅವರು ಮುಂಜಾನೆ ಕಟ್ಟೆಯ ಮೇಲೆ ಕುಳಿತು ಮಶೇರಿ, ಅಂದರೆ ಹುರಿದ ತಂಬಾಕಿನ ಪುಡಿ, ತಿಕ್ಕಲು ಶುರು ಮಾಡಿದರೆ ಸವಣೂರಿನ ವೀಳ್ಯದೆಲೆ ಈ ಸಲ ಯಾಕೆ ಖಾರ ಎಂಬಲ್ಲಿಂದ ಹಿರೇಕೆರೂರಿನ ಬೀಗರ ಜಗಳದ ತನಕ ಎಲ್ಲ ಸುದ್ದಿಯೂ ಮುಗಿಯಬೇಕು. ಹಲ್ಲು ಉಳಿದಿರುವುದು ನಾಲ್ಕಾರು, ತಿಕ್ಕುವುದು ತಾಸುಗಟ್ಟಲೆ. "ಅತ್ತೀ, ತಂಬಾಕ ಕೆಟ್ಟದ್ದರಿ" ಎಂದರೆ, "ಹೂಂನವ್ವಾ, ಅದಕ್ಕ ಉಗುಳತೇನಿ. ನುಂಗತೇನೇನು?" ಎನ್ನುತ್ತಾರೆ. ಮೊಮ್ಮಗಳ ಪರವಾಗಿ ಅವರ ವಾದ ಇನ್ನೂ ಗಟ್ಟಿ. "ಹಾಲಹಲ್ಲು ಅವು. ನಾಳೆ ಬಿದ್ದರ ಸಗಣ್ಯಾಗ ಇಟ್ಟು ಮಾಳಗಿ ಮ್ಯಾಲೆ ಒಗಿಯೂವು. ಒಗಿಯೂ ಹಲ್ಲಿಗೆ ಯಾಕ ಇಷ್ಟು ಉಪಚಾರ?" ಅಕ್ಷತಾಳಿಗೆ ಅಷ್ಟೇ ಬೇಕಿತ್ತು. "ಹೊಸಾವು ಬರಲಿ, ಆಮ್ಯಾಲೆ ತಿಕ್ಕತೇನಿ ಬಿಡವ್ವ."

ಒಂದು ದಿನ ಅವಳು ಆಕಳಿಸಿದಾಗ ಕೆಳಗಿನ ದವಡೆಹಲ್ಲಿನ ಮೇಲೆ ಎಳ್ಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಮರುದಿನವೇ ಹಾನಗಲ್ಲಿಗೆ ಹೊರಟೆವು. ಹಲ್ಲಿನ ಡಾಕ್ಟರು ಇನ್ನೂ ಸಣ್ಣ ವಯಸ್ಸಿನ ಹುಡುಗಿ. ಹಾಲುಹಲ್ಲಿನ ವಾದವನ್ನು ನಾನು ಅತ್ತೆಯ ಹೆಸರಿನಲ್ಲಿ ಮುಂದಿಟ್ಟೆ. ಆಕೆ ನಕ್ಕಳು. "ಹಂಗ ಬಿಡಬ್ಯಾಡ್ರಿ ಮೇಡಂ. ಮುಂದ ಬರೂ ಹಲ್ಲಿಗೆ ಇವು ಜಾಗ ಹಿಡಕೊಂಡು ಕುಂತಿರ್ತಾವು. ಬಸ್ಸಿನ ಕಿಟಕ್ಯಾಗ ಟವೆಲ್ ಹಾಕಿದಂಗ. ಟವೆಲ್ ಮದ್ಲ ತಗದ್ರ ಸೀಟ್ ಹೋತು." ಶಿಗ್ಗಾವಿ ಬಸ್ಸಿನಲ್ಲಿ ಟವೆಲ್ ಹಾಕಿಯೂ ಸೀಟು ಕಳೆದುಕೊಂಡ ನನಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿರಲಿಲ್ಲ. "ಈಗ ಬರೇ ಚುಕ್ಕಿ ಐತಿ. ಮುಂಜಾನಿ ಒಮ್ಮೆ, ಮಲಗೂ ಮುಂದ ಒಮ್ಮೆ ತಿಕ್ಕಸ್ರಿ. ಶಾಲಿ ಸೂಟಿ ಮುಗದ ಮ್ಯಾಲೆ ನೋಡೂಣು. ಆಳಕ್ಕ ಇಳದಿದ್ರ ಮಷಿನ್ ಹಚ್ಚಿ ಕೊರೀಬೇಕಾಕ್ಕೈತಿ." ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಆ ಮಷಿನ್ ಜುಂಯ್ ಎಂದಿತು. ಅಕ್ಷತಾ ನನ್ನ ಸೆರಗು ಹಿಡಿದಳು. ನಾನು ಕುರ್ಚಿಯ ಕೈ ಹಿಡಿದೆ.

ಮನೆಗೆ ಬಂದ ಮೇಲೆ ಮಾಡಿದ ತಪ್ಪು ನೋಡಿ. ಬ್ಯಾಕ್ಟೀರಿಯಾ, ಆಮ್ಲ ಎಂದು ತರಗತಿಯಲ್ಲಿ ಅಷ್ಟುದ್ದ ಕೊರೆಯುವವಳು, ಅವಸರಕ್ಕೆ ಅದೆಲ್ಲ ಬಿಟ್ಟು ನಮ್ಮವ್ವ ನನಗೆ ಹೇಳುತ್ತಿದ್ದುದನ್ನೇ ಹೇಳಿಬಿಟ್ಟೆ: "ಹಲ್ಲಿನ್ಯಾಗ ಒಂದು ಹುಳ ಐತಿ. ಹಲ್ಲು ತಿಂತೈತಿ. ತಿಕ್ಕಿದ್ರ ಸಾಯ್ತೈತಿ." ಹುಡುಗಿ ನಾಲಿಗೆಯಿಂದ ಆ ಹಲ್ಲು ಮುಟ್ಟಿ ನೋಡಿಕೊಂಡಳು. ಹೆದರಿದಳು, ಗೆದ್ದೆ ಅಂದುಕೊಂಡೆ.

ಮರುದಿನ ನೋಡಿದರೆ ಅಡುಗೆಮನೆಯ ಬಾಗಿಲ ಹಿಂದೆ ಬಾಯಿ ತೆರೆದು ನಿಂತಿದ್ದಾಳೆ. ದವಡೆಹಲ್ಲಿನ ಮೇಲೆ ಒಂದು ಚಿಟಿಕೆ ಸಕ್ಕರೆ.

"ಏನ ಮಾಡಾಕತ್ತಿಯೇ?"

"ಹುಳಕ್ಕ ಹಸದಿತ್ತವ್ವ. ಸಕ್ಕರಿ ಕೊಟ್ರ ಹಲ್ಲು ತಿನ್ನೂದಿಲ್ಲ."

ತಪ್ಪು ಅವಳದಲ್ಲ. ತುಳಸಿಕಟ್ಟೆಯ ಬುಡದ ಇರುವೆಗಳಿಗೆ ಅಜ್ಜಿ ದಿನಾ ಸಕ್ಕರೆ ಹಾಕುವುದನ್ನು, ಮೊದಲ ರೊಟ್ಟಿ ಆಕಳಿಗೆ ಹೋಗುವುದನ್ನು ನೋಡುತ್ತ ಬೆಳೆದ ಹುಡುಗಿ ಅದು. ಜೀವ ಕೊಲ್ಲಬಾರದು ಎಂದು ನಾವೇ ಕಲಿಸಿದ್ದೇವೆ. ಈಗ ಅವಳ ಕಣ್ಣಿಗೆ ಬ್ರಷ್ ಕೊಡಲಿ, ನಾನು ಕಟುಕಿ. ಹುಳಕ್ಕೆ ಮುದ್ದು ಎಂದು ಹೆಸರೂ ಇಟ್ಟಾಗಿತ್ತು. "ಹುಳ ಇಲ್ಲವ್ವ, ನಾ ಸುಮ್ನ ಹೇಳಿದ್ದು" ಎಂದರೆ, "ನನ್ನ ಕೈಲೆ ಕೊಲ್ಲಸಾಕ ಹಂಗ ಅಂತಿ" ಎಂದು ಬಾಯಿ ಮುಚ್ಚಿಕೊಂಡಳು. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಟೀಚರ್ ಮೇಡಂ, ಪಾಠ ಭಾಳ ಚಲೋ ಮಾಡೀರಿ." ನಗಲಿ. ಸೂಟಿ ಕರಗುತ್ತಿತ್ತು, ಚುಕ್ಕೆ ಅಲ್ಲೇ ಇತ್ತು, ಆ ಜುಂಯ್ ನನ್ನ ಕಿವಿಯಲ್ಲಿತ್ತು.

ಆ ವಾರವೇ ನಮ್ಮ ನಾದಿನಿ ರೇಣುಕಾ ತವರಿಗೆ ಬಂದಿದ್ದವಳು ಮಾಸೂರಿಗೆ ಹೊರಟಳು. ಅತ್ತೆ ಅವಳ ಮಡಿಲಿಗೆ ಉಡಿ ತುಂಬಿದರು. ಅಕ್ಕಿ, ಅರಿಷಿಣಬೇರು, ಕೊಬ್ಬರಿ ಬಟ್ಟಲು, ಎಲೆ-ಅಡಿಕೆ. ಬಸ್ಸು ಹೊರಟಾಗ ಅಕ್ಷತಾ, "ಅತ್ತಿ ಯಾಕ ಹೊಂಟ್ಲು?" ಎಂದು ಅಳತೊಡಗಿದಳು. "ಆಕಿ ಮನಿಗೆ ಆಕಿ ಹೋಗಬ್ಯಾಡೇನ? ಮಕ್ಕಳು ದಾರಿ ನೋಡಾಕತ್ತಿರ್ತಾರ" ಎಂದರು ಅತ್ತೆ. ಹುಡುಗಿ ಗಕ್ಕನೆ ಅಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಮುದ್ದೂನ ಮನಿ ಎಲ್ಲೈತವ್ವ?"

ಮುಳುಗುವವಳಿಗೆ ಹಗ್ಗ ಸಿಕ್ಕಿತು. "ಕರಿಬೇವಿನ ಗಿಡದ ಬುಡಕ್ಕೈತಿ. ಅವರವ್ವ ಅಲ್ಲಿ ದಾರಿ ನೋಡಾಕತ್ತಾಳ. ಮೆಲ್ಲಕ ತಿಕ್ಕಿ, ನೀರು ಮುಕ್ಕಳಿಸಿ ಅಲ್ಲಿ ಬಿಟ್ರ ಸಾಯೂದಿಲ್ಲ, ಮನಿ ಮುಟ್ಟತೈತಿ." ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು, ಮಾಳಿಗೆಯ ಮೇಲೆ ಮಾಳಿಗೆ. ಅಕ್ಷತಾ ವಿಚಾರ ಮಾಡಿದಳು. "ಉಡಿ ತುಂಬದ ಕಳಸೂದೇನ?"

ಅತ್ತೆಯೂ ತಾಳ ಹಾಕಿದರು, "ಖರೇ ಐತಿ, ಬರಿಗೈಲೆ ಹ್ಯಾಂಗ ಕಳಸ್ತಿ?"

ಎಲ್ಲಿ ಮತ್ತೆ ಸಕ್ಕರೆಗೆ ಬರುತ್ತದೋ ಎಂದು, "ಪೇಸ್ಟೇ ಉಡಿ" ಎಂದೆ. "ಬಟಾಣಿ ಕಾಳಿನಷ್ಟು. ಹೆಚ್ಚಾದ್ರ ಪಾಪ, ಅದಕ್ಕ ಭಾರ ಆಕ್ಕೈತಿ."

ಆವತ್ತು ಊಟವಾದ ಮೇಲೆ ಕರಿಬೇವಿನ ಗಿಡದ ಬುಡದಲ್ಲಿ ಬೀಳ್ಕೊಡುಗೆ ಆಯಿತು. ಮೂಲೆ ಮೂಲೆಯನ್ನೂ ಮೆಲ್ಲಗೆ ತಿಕ್ಕಿ, ಮುಕ್ಕಳಿಸಿ ಉಗುಳಿ, ಕೈ ಬೀಸಿ, "ಹೋಗಿ ಬಾ ಮುದ್ದು" ಎಂದಳು. ನಮ್ಮ ಕಡೆ ಹೊರಟವರಿಗೆ ಬರೀ "ಹೋಗು" ಅನ್ನುವುದಿಲ್ಲವಲ್ಲ. ಆ ಮಾತಿನ ಲಾಭ ನನಗೆ ಮರುದಿನ ಮುಂಜಾನೆ ತಿಳಿಯಿತು. ಎದ್ದವಳೇ ಬ್ರಷ್ ಹುಡುಕುತ್ತಿದ್ದಾಳೆ. "ಬಾ ಅಂದಿದ್ನಲ್ಲ, ಬಂದೈತಿ. ಮತ್ತ ಕಳಸಬೇಕು." ಅಂದಿನಿಂದ ಮುಂಜಾನೆಗೊಂದು, ಸಂಜೆಯ ಊಟಕ್ಕೊಂದು ಬೀಳ್ಕೊಡುಗೆ. ಕಟ್ಟೆಯ ಮೇಲೆ ಮಶೇರಿ ತಿಕ್ಕುತ್ತ ಅತ್ತೆ, "ಬೀಗರು ಹೊಂಟ್ರೇನ?" ಎಂದು ಕೇಳುತ್ತಾರೆ.

ಸೂಟಿ ಮುಗಿಯಿತು. ಹಾನಗಲ್ಲಿನಲ್ಲಿ ಡಾಕ್ಟರು ದೀಪ ಹಿಡಿದು ನೋಡಿದಳು. "ಚುಕ್ಕಿ ಇದ್ದಷ್ಟ ಐತ್ರಿ, ಇಳದಿಲ್ಲ. ಕೊರಿಯೂದು ಬ್ಯಾಡ. ಹಿಂಗ ತಿಕ್ಕಸ್ರಿ." ನಾನು ಫಲಕ ಒರೆಸಿದವಳಂತೆ ಹೆಮ್ಮೆಯಿಂದ ಕುಳಿತೆ. ಅಕ್ಷತಾ ಮುದ್ದುವಿನ ಕಥೆಯೆಲ್ಲ ಒಪ್ಪಿಸಿದಳು. ಡಾಕ್ಟರು ಪ್ರೀತಿಯಿಂದಲೇ, "ಹುಳ ಗಿಳ ಏನೂ ಇಲ್ಲ ಪುಟ್ಟಿ" ಎಂದಾಗ ನನ್ನ ಸುಳ್ಳಿನ ಕಟ್ಟಡ ಕುಸಿಯಿತೆಂದೇ ತಿಳಿದೆ.

"ಹೂಂರಿ, ಈಗಿಲ್ಲ. ಮನಿಗೆ ಹೋಗೇತಿ" ಎಂದಳು ಮಗಳು. "ನಮ್ಮವ್ವಂದ ಇನ್ನೂ ಒಳಗ ಐತ್ರಿ. ನನಗ ತಿಕ್ಕಿಸಿ, ತಾ ಹಂಗ ಮಲಗತಾಳ."

ಡಾಕ್ಟರು ನನ್ನ ಕಡೆ ನೋಡಿದಳು. "ಕುಂದರ್ರಿ ಮೇಡಂ, ಬಾಯಿ ತಗೀರಿ."

ನನ್ನ ಬಾಯಿಯಲ್ಲಿ ಏನು ಕಂಡಿತು ಎಂಬುದು ಇಲ್ಲಿ ಬೇಡ. ಇಷ್ಟು ಸಾಕು: ಈಗ ಊಟವಾದ ಮೇಲೆ ನಾವಿಬ್ಬರೂ ಗೇಟಿನ ಪಕ್ಕದ ಕರಿಬೇವಿನ ಗಿಡದ ಬಳಿ ನಿಲ್ಲುತ್ತೇವೆ. ಮೊನ್ನೆ ನನ್ನ ಶಾಲೆಯ ಹುಡುಗಿಯರು ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. "ಟೀಚರ್, ಯಾರಿಗ್ರಿ ಕೈ ಬೀಸಾಕತ್ತೀರಿ?" ನನ್ನ ಬಾಯಿ ತುಂಬ ನೊರೆ. ತಲೆಯ ಮೇಲೆ ಬಿ.ಎಸ್ಸಿ., ಬಿ.ಎಡ್. ಫಲಕ ಥಳಥಳ ಹೊಳೆಯುತ್ತಿದೆ. ಅಕ್ಷತಾ ನನ್ನ ಸೆರಗು ಜಗ್ಗಿ, "ಆಮ್ಯಾಲೆ ಮಾತಾಡವ್ವ, ಮದ್ಲ ಹೋಗಿ ಬಾ ಅನ್ನು" ಎಂದಳು.

ಉಗುಳಿದೆ. ಅಂದೆ.